ಬಂದವರಿಗೆ ಬಾಗಿಲು, ಹೋದವರಿಗೆ ಬೀಗ: ವಿಸಿಟರ್ ಮೊಬೈಲ್ ಕೀ ಕೆಲಸ ಮಾಡುವ ಬಗೆ

ಅಪಾರ್ಟ್‌ಮೆಂಟಿಗೋ ಆಫೀಸಿಗೋ ಮೊಬೈಲ್ ಕೀ ಮಾರಲು ಬಂದವರು ಮೊದಲು ತೋರಿಸುವುದು ಬಾಗಿಲು ತೆರೆಯುವುದನ್ನು. ಫೋನ್ ಹಿಡಿದರು, ಟಿಕ್ ಎಂದಿತು, ಬಾಗಿಲು ಬಿಟ್ಟಿತು. ನೋಡಲು ಚೆಂದ, ಆದರೆ ಇಡೀ ವ್ಯವಸ್ಥೆಯಲ್ಲಿ ಅದೇ ಸುಲಭದ ಕೆಲಸ. ಒಂದು ಗಂಟೆಯ ಕೆಲಸಕ್ಕೆಂದು ಬಂದ ಎಸಿ ರಿಪೇರಿಯವರ ಕೀ ಅವರು ಹೋದ ಮೇಲೆ ಸತ್ತಿರಬೇಕು. ಅದು ಸತ್ತ ಸುದ್ದಿ ನೆಟ್‌ವರ್ಕ್ ಸಿಗದ ಬೇಸ್‌ಮೆಂಟಿನ ಬಾಗಿಲಿಗೂ ಮುಟ್ಟಿರಬೇಕು. ಹಾಗಾಗಿ ಕೊಳ್ಳುವ ಮೊದಲು ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ: ಕೊಟ್ಟ ಕೀಯನ್ನು ವಾಪಸ್ ಪಡೆಯುವುದು ಹೇಗೆ? ಈ ಪ್ರಶ್ನೆಗೆ ನೇರ ಉತ್ತರ ಕೊಡಲಾಗದವರ ಬಳಿ ಉಳಿದದ್ದನ್ನು ಕೇಳುವ ಅಗತ್ಯವೇ ಇಲ್ಲ.

ಕೀ ಒಳಗೆ ಏನಿರುತ್ತದೆ

ಫೋನಿಗೆ ಬರುವ ವಿಸಿಟರ್ ಕೀ ಎಂದರೆ ಒಂದು ಪುಟ್ಟ ದಾಖಲೆ. ಯಾರಿಗೆ, ಯಾವ ಬಾಗಿಲಿಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಸಲ ಎಂಬ ನಾಲ್ಕು ಸಂಗತಿ, ಕೆಳಗೆ ಸರ್ವರಿನ ಡಿಜಿಟಲ್ ಸಹಿ. ಆ ಸಹಿ ಅಸಲಿಯೋ ನಕಲಿಯೋ ಎಂದು ನೋಡಲು ಬೇಕಾದ ಪಬ್ಲಿಕ್ ಕೀಯನ್ನು ಬಾಗಿಲ ಬಳಿ ಕೀ ಓದುವ ಸಾಧನವಾದ ರೀಡರ್‌ಗೆ ಅಳವಡಿಸುವಾಗಲೇ ತುಂಬಿರುತ್ತಾರೆ. ಸಹಿ ಸರಿಯಿದ್ದು ಸಮಯವೂ ಹೊಂದಿದರೆ ರೀಡರ್ ಯಾರನ್ನೂ ಕೇಳದೆ ಬಾಗಿಲು ತೆಗೆಯುತ್ತದೆ. ಬಿಎಂಟಿಸಿ ದಿನದ ಪಾಸ್ ನೋಡುವ ಕಂಡಕ್ಟರ್ ಡಿಪೋಗೆ ಫೋನ್ ಮಾಡುವುದಿಲ್ಲವಲ್ಲ, ತಾರೀಖು ನೋಡಿ ಮುಂದೆ ಹೋಗುತ್ತಾರೆ, ಇದೂ ಅಷ್ಟೇ. ತೊಂದರೆಯೂ ಅಲ್ಲೇ ಇದೆ. ಮಧ್ಯಾಹ್ನ ಡಿಪೋದವರು ಆ ಪಾಸ್ ರದ್ದು ಮಾಡಿದರೆ ಬಸ್ಸಿನಲ್ಲಿರುವ ಕಂಡಕ್ಟರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ದಾರಿ ಎಂದರೆ ಪ್ರತಿ ಸಲವೂ ರೀಡರ್ ಸರ್ವರನ್ನು ಕೇಳುವುದು. ಆಗ ರದ್ದು ಮಾಡಿದ ಕ್ಷಣಕ್ಕೇ ಕೀ ಸಾಯುತ್ತದೆ. ಆದರೆ ಇಂಟರ್ನೆಟ್ ಹೋದರೆ ವಿಸಿಟರ್ ಮಾತ್ರವಲ್ಲ, ಬಾಡಿಗೆದಾರರೂ ಗೇಟಿನಲ್ಲೇ ನಿಲ್ಲಬೇಕಾಗುತ್ತದೆ. ಕೇಬಲ್ ಅಗೆತ, ಕರೆಂಟ್ ಹೋದಾಗ ರೂಟರ್ ಆಫ್ ಆಗುವುದು ನಮ್ಮಲ್ಲಿ ಅಪರೂಪವೇನಲ್ಲ. ಆದ್ದರಿಂದ ಎರಡನ್ನೂ ಬೆರೆಸುವುದು ಒಳ್ಳೆಯದು: ಸಹಿ ಇರುವ, ಆಯಸ್ಸು ಕಡಿಮೆ ಇರುವ ಕೀ, ಜೊತೆಗೆ ನೆಟ್ ಇರುವ ಬಾಗಿಲುಗಳಿಗೆ ಐದು ನಿಮಿಷಕ್ಕೊಮ್ಮೆ ರದ್ದಾದ ಕೀಗಳ ಪಟ್ಟಿ. ಒಂದು ಭೇಟಿಯ ವಿಸಿಟರ್‌ಗೆ ಎರಡರಿಂದ ನಾಲ್ಕು ಗಂಟೆ ಸಾಕು. ದಿನವೂ ಬರುವವರಿಗೆ ತಿಂಗಳ ಕೀ ಕೊಡುವ ಬದಲು 24 ಗಂಟೆಯ ಕೀ ಕೊಟ್ಟು, ಅವರ ಫೋನ್ ಇಂಟರ್ನೆಟ್ ಕಂಡಾಗಲೆಲ್ಲ ಅದು ತಾನೇ ನವೀಕರಣವಾಗುವಂತೆ ಮಾಡಬೇಕು. ಹೀಗಾದರೆ ಕೆಲಸ ಬಿಟ್ಟು ಹೋದವರ ಕೀ ಎಂಥ ಕೆಟ್ಟ ಸ್ಥಿತಿಯಲ್ಲೂ ಒಂದು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

‘ಒಂದೇ ಸಲ ಬಳಸಬಹುದು’ ಎಂಬ ಷರತ್ತು ಕೇಳಲು ಗಟ್ಟಿ, ಆದರೆ ಪರಸ್ಪರ ಸಂಪರ್ಕವಿಲ್ಲದ ಎರಡು ಬಾಗಿಲಿದ್ದರೆ ಅದು ನಿಲ್ಲುವುದಿಲ್ಲ. ಪೂರ್ವದ ಗೇಟಿನಲ್ಲಿ ಬಳಸಿದ ಕೀ ಪಶ್ಚಿಮದ ಗೇಟಿಗೆ ಹೊಸದಾಗಿಯೇ ಕಾಣುತ್ತದೆ. ಒಂದೇ ಸಲದ ಕೀಯನ್ನು ಒಂದೇ ಬಾಗಿಲಿಗೆ, ಇಲ್ಲವೇ ಬಾಗಿಲುಗಳಿಗೆ ಅಪ್ಪಣೆ ಕೊಡುವ ಒಂದೇ ಕಂಟ್ರೋಲರ್‌ಗೆ ಸೇರಿದ ಬಾಗಿಲುಗಳಿಗೆ ಸೀಮಿತಗೊಳಿಸಬೇಕು.

ಇದೆಲ್ಲ ನಿಂತಿರುವುದು ಬಾಗಿಲಿನ ಗಡಿಯಾರದ ಮೇಲೆ. ರೀಡರ್ ಅಥವಾ ಕಂಟ್ರೋಲರ್ ಒಳಗಿನ ಸಾಮಾನ್ಯ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್, ವರ್ಷಕ್ಕೆ ಹತ್ತು ನಿಮಿಷಕ್ಕೂ ಮೇಲೆ ವ್ಯತ್ಯಾಸ ಬರುತ್ತದೆ. ನೆಟ್ ಮೂಲಕ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಪೋರ್ಟ್ 123 ಅನ್ನು ಆಫೀಸಿನ ಫೈರ್‌ವಾಲ್ ತಡೆದಿರುವುದು ತೀರಾ ಸಾಮಾನ್ಯ. ಇನ್ನು ಒಳಗಿನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ 1970ಕ್ಕೋ 2000ಕ್ಕೋ ಜಾರಿ, ಎಲ್ಲ ಕೀಗಳೂ ‘ಇನ್ನೂ ಶುರುವಾಗಿಲ್ಲ’ ಎಂದು ತಿರಸ್ಕೃತವಾಗುತ್ತವೆ. ಬೆಳಿಗ್ಗೆ 10ಕ್ಕೆ ಕೊಟ್ಟ ಕೀ ಮಧ್ಯಾಹ್ನ 3.30ಕ್ಕೆ ಕೆಲಸ ಮಾಡಲು ಶುರುಮಾಡಿತೇ? ಕಾರಣ ಹುಡುಕಬೇಕಿಲ್ಲ. ಎಲ್ಲೋ ಒಂದು ಕಡೆ ಭಾರತೀಯ ಕಾಲಮಾನದ 10 ಗಂಟೆಯನ್ನು ಜಾಗತಿಕ ಮಾನಕ ಸಮಯವಾದ ಯುಟಿಸಿಯದು ಎಂದು ಬರೆದುಕೊಂಡಿದ್ದಾರೆ, ಐದೂವರೆ ಗಂಟೆಯ ಆ ಅಂತರವೇ ಸಾಕ್ಷಿ.

ಫೋನಿನಿಂದ ಬಾಗಿಲಿಗೆ

ಒಂದು ಗಂಟೆಯ ಭೇಟಿಗೆ ಯಾರೂ ಆ್ಯಪ್ ಹಾಕಿಕೊಳ್ಳುವುದಿಲ್ಲ, ಹಾಕಿಕೊಳ್ಳಿ ಎನ್ನುವುದೂ ಸರಿಯಲ್ಲ. ಅವರಿಗೆ ಕ್ಯೂಆರ್ ಕೋಡ್ ಅಥವಾ ಅಂಕಿಗಳ ಕೋಡ್ ಸಾಕು.

ಕ್ಯೂಆರ್ ಎಂದರೆ ಯುಪಿಐ ಕಾರಣದಿಂದ ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಕೆಲಸ ತಿರುಗುಮುರುಗು: ಕೋಡ್ ಫೋನಿನಲ್ಲಿ, ಕ್ಯಾಮೆರಾ ಗೋಡೆಯಲ್ಲಿ. ಬಂದವರು ಫೋನಿನ ಕ್ಯಾಮೆರಾ ತೆರೆದು ರೀಡರನ್ನೇ ಸ್ಕ್ಯಾನ್ ಮಾಡಲು ನಿಲ್ಲುತ್ತಾರೆ. ‘ನಿಮ್ಮ ಕೋಡನ್ನು ಇಲ್ಲಿ ತೋರಿಸಿ’ ಎಂದು ಕನ್ನಡದಲ್ಲಿ, ಬಾಣದ ಗುರುತಿನ ಸಮೇತ ಒಂದು ಸ್ಟಿಕ್ಕರ್ ಅಂಟಿಸಿದರೆ ಗೇಟಿನ ಸಾಲು ಅರ್ಧ ಕರಗುತ್ತದೆ. ಕೋಡ್ ಎಷ್ಟು ದಟ್ಟವಾಗಿದೆ ಎನ್ನುವುದೂ ಮುಖ್ಯ. ಸಹಿ ಸಮೇತ ಇಡೀ ದಾಖಲೆಯನ್ನು ಕ್ಯೂಆರ್ ಒಳಗೆ ತುರುಕಿದರೆ ಸಹಿಯೊಂದೇ 64 ಬೈಟ್. ಒಟ್ಟಾರೆ ಅದು 57 ಚೌಕ ಉದ್ದ, 57 ಚೌಕ ಅಗಲದ ಹತ್ತನೇ ಆವೃತ್ತಿಯ ಕೋಡ್‌ವರೆಗೆ ಬೆಳೆಯಬಹುದು. ಬಿರುಕು ಬಿಟ್ಟ ಟೆಂಪರ್ಡ್ ಗ್ಲಾಸ್, ಬ್ರೈಟ್‌ನೆಸ್ ಕಡಿಮೆ ಇಟ್ಟ ಪರದೆ, ಎದುರು ಬಿಸಿಲು, ಇಷ್ಟು ಸೇರಿದರೆ ರೀಡರ್ ಅದನ್ನು ಓದುವುದಿಲ್ಲ. ಬರೀ ಒಂದು ಗುರುತು ಸಂಖ್ಯೆಯನ್ನು ಇಟ್ಟರೆ 29 ಚೌಕದ ಮೂರನೇ ಆವೃತ್ತಿಯಲ್ಲೇ ಮುಗಿಯುತ್ತದೆ, ಆದರೆ ಆಗ ಬಾಗಿಲು ಸರ್ವರನ್ನು ಕೇಳಲೇಬೇಕು. ಮುಖ್ಯ ಗೇಟಿನಲ್ಲಿ ನೆಟ್ ಭದ್ರವಾಗಿರುವುದರಿಂದ ಅಲ್ಲಿ ಚಿಕ್ಕ ಕೋಡ್ ಲೇಸು. ರೀಡರ್ ಮೇಲೆ ಒಂದಡಿ ಚಾಚಿದ ತಗಡಿನ ಮರೆ ಹಾಕಿಸುವುದನ್ನು ಮರೆಯಬಾರದು. ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದನ್ನು ತಡೆಯಬೇಕೆಂದರೆ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಬೇಕು.

ಅಂಕಿಗಳ ಕೋಡ್ ಇನ್ನೂ ಸರಳ, ಯಾವ ಫೋನಾದರೂ ನಡೆಯುತ್ತದೆ. ಆದರೆ ಇಲ್ಲಿ ಒಂದು ಲೆಕ್ಕವನ್ನು ಬಹಳ ಮಂದಿ ಹಾಕಿಯೇ ನೋಡುವುದಿಲ್ಲ. ನಾಲ್ಕಂಕಿಯಾದರೆ ಒಟ್ಟು 10,000 ಸಾಧ್ಯತೆ. 400 ಮನೆಯ ಸಂಕೀರ್ಣದಲ್ಲಿ ಒಂದೇ ಹೊತ್ತಿಗೆ 200 ಕೋಡ್ ಜೀವಂತ ಇವೆ ಎನ್ನಿ. ಬಾಯಿಗೆ ಬಂದ ನಾಲ್ಕಂಕಿ ಒತ್ತಿದವರಿಗೆ ಬಾಗಿಲು ತೆರೆಯುವ ಸಾಧ್ಯತೆ 50ಕ್ಕೆ 1. ಆರಂಕಿಯಾದರೆ ಅದೇ ಲೆಕ್ಕ 5,000ಕ್ಕೆ 1. ಆದ್ದರಿಂದ ಆರಂಕಿಗಿಂತ ಕಡಿಮೆ ಬೇಡ. ಮೂರು ಸಲ ತಪ್ಪಿದರೆ ಕೀಪ್ಯಾಡ್ ಕೆಲ ನಿಮಿಷ ಸ್ತಬ್ಧವಾಗಬೇಕು.

ಬ್ಲೂಟೂತ್ ಕೀಗೆ ಆ್ಯಪ್ ಬೇಕು, ಆದರೆ ನೆಟ್ ಬೇಡ. ಬೇಸ್‌ಮೆಂಟ್, ಲಿಫ್ಟ್ ಲಾಬಿಗಳಿಗೆ ಇದೇ ಹೊಂದುತ್ತದೆ. ಅಡಚಣೆ ಬರುವುದು ಫೋನಿನ ಕಡೆಯಿಂದ. ಆಂಡ್ರಾಯ್ಡ್ 11 ಮತ್ತು ಅದಕ್ಕಿಂತ ಹಳೆಯ ಫೋನ್‌ಗಳಲ್ಲಿ ಹತ್ತಿರದ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕು. ಬೀಗಕ್ಕೆ ನನ್ನ ಲೊಕೇಶನ್ ಯಾಕೆ ಎಂದು ಜನ ನಿರಾಕರಿಸುತ್ತಾರೆ, ಕೀ ಕೆಲಸ ಮಾಡುವುದಿಲ್ಲ. ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚಿಬಿಡುವ ಫೋನ್‌ಗಳಲ್ಲಿ ‘ಜೇಬಿನಲ್ಲಿದ್ದರೆ ಸಾಕು’ ಎಂಬ ಸೌಲಭ್ಯ ಎರಡು ದಿನ ನಡೆದು ಮೂರನೇ ದಿನ ಕೈಕೊಡುತ್ತದೆ. ಜೇಬಿನಲ್ಲೇ ಇಟ್ಟು ತೆರೆಯುವ ವಿಧಾನಕ್ಕೆ ಇನ್ನೂ ಒಂದು ದೋಷವಿದೆ: ಬಾಗಿಲ ಒಳಗಡೆ ಮಾತಾಡುತ್ತ ನಿಂತ ಮನೆಯವರ ಫೋನನ್ನೇ ಹಿಡಿದು, ಹೊರಗೆ ನಿಂತ ಅಪರಿಚಿತರಿಗೆ ರೀಡರ್ ಬಾಗಿಲು ಬಿಡಬಹುದು. ಸಿಗ್ನಲ್ ಬಲ ನೋಡಿ ದೂರ ಅಳೆಯುವುದೂ ನಂಬುವಂಥದ್ದಲ್ಲ, ಮನುಷ್ಯನ ದೇಹ ಅಡ್ಡ ಬಂದರೂ ಅದು ಕುಸಿಯುತ್ತದೆ. 2022ರಲ್ಲಿ ಎನ್‌ಸಿಸಿ ಗ್ರೂಪ್ ಎಂಬ ಸೈಬರ್ ಭದ್ರತಾ ಕಂಪನಿಯ ಸಂಶೋಧಕರು ದೂರದಲ್ಲಿರುವ ಫೋನಿನ ಬ್ಲೂಟೂತ್ ಸಂಕೇತವನ್ನು ನಡುವೆ ದಾಟಿಸಿ ಟೆಸ್ಲಾ ಕಾರನ್ನೂ ಮನೆ ಬೀಗವನ್ನೂ ತೆರೆದು ತೋರಿಸಿದರು. ಇದಕ್ಕೆ ಸರಿಯಾದ ಮದ್ದು ಯುಡಬ್ಲ್ಯುಬಿ, ಅಂದರೆ ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ರೇಡಿಯೊ ತಂತ್ರ. ಅದು ಸಿಗ್ನಲ್ ಬಲವನ್ನಲ್ಲ, ರೇಡಿಯೊ ಅಲೆ ಹೋಗಿಬರುವ ಸಮಯವನ್ನು ಅಳೆಯುತ್ತದೆ. ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಎಂಬ ಬೆಳಕಿನ ವೇಗಕ್ಕೆ ಮೋಸ ಮಾಡಲಾಗದು. ಆದರೆ ಆ ಚಿಪ್ ಇರುವುದು ದುಬಾರಿ ಫೋನ್‌ಗಳಲ್ಲಿ. ಉಳಿದವರಿಗೆ ‘ಫೋನ್ ಅನ್‌ಲಾಕ್ ಮಾಡಿ, ಗುಂಡಿ ಒತ್ತಿದರೆ ಮಾತ್ರ’ ಎಂಬ ನಿಯಮವೇ ಸಾಕು.

ಫೋನನ್ನು ರೀಡರ್‌ಗೆ ತಾಗಿಸಿ ಬಳಸುವ ಎನ್‌ಎಫ್‌ಸಿ ಕೀ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಕೆಲಸ ಮಾಡುವುದರಿಂದ ಮೇಲಿನ ಗೊಂದಲಗಳು ಕಡಿಮೆ. ಐಫೋನ್ ವ್ಯಾಲೆಟ್‌ನಲ್ಲಿ ಎಕ್ಸ್‌ಪ್ರೆಸ್ ಮೋಡ್ (ಫೋನ್ ಅನ್‌ಲಾಕ್ ಮಾಡದೆ ನಡೆಯುವ ವ್ಯವಸ್ಥೆ) ಇಟ್ಟ ಕೀ, ಹೊಸ ಮಾದರಿಗಳಲ್ಲಿ ಬ್ಯಾಟರಿ ಮುಗಿದ ಮೇಲೂ ಐದು ಗಂಟೆಯವರೆಗೆ ನಡೆಯಬಲ್ಲದು. ಹಳೆಯ ಕಟ್ಟಡಗಳಲ್ಲಿ ಎಡವುವುದು ರೀಡರ್ ವಿಷಯದಲ್ಲಿ. ಗೋಡೆಯಲ್ಲಿರುವುದು 125 ಕಿಲೋಹರ್ಟ್ಜ್ ಕಾರ್ಡ್ ರೀಡರ್ ಆಗಿದ್ದರೆ 13.56 ಮೆಗಾಹರ್ಟ್ಜ್‌ನ ಫೋನಿನ ಜೊತೆ ಅದು ಮಾತೇ ಆಡುವುದಿಲ್ಲ. 13.56ರದ್ದೇ ಇದ್ದರೂ, ಅದು ಕಾರ್ಡಿನ ಕ್ರಮಸಂಖ್ಯೆಯನ್ನಷ್ಟೇ ಓದುವ ಅಗ್ಗದ ಮಾದರಿಯಾದರೆ ಪ್ರಯೋಜನವಿಲ್ಲ: ಬಹುತೇಕ ಆಂಡ್ರಾಯ್ಡ್ ಫೋನ್‌ಗಳು ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ‘ಈಗಿರುವ ರೀಡರೇ ಸಾಕು, ಸಾಫ್ಟ್‌ವೇರ್ ಮಾತ್ರ ಹಾಕುತ್ತೇವೆ’ ಎನ್ನುವವರಿಗೆ ನಿಮ್ಮದೇ ಫೋನ್ ಕೊಟ್ಟು, ನಿಮ್ಮದೇ ಬಾಗಿಲಲ್ಲಿ ತೋರಿಸಿ ಎನ್ನಿ.

ಲಿಂಕ್ ತಲುಪದಿದ್ದರೆ

ಕೀಯ ಲಿಂಕ್ ಕಳಿಸುವ ಎಸ್‌ಎಂಎಸ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಇಂಥ ಸಂದೇಶಕ್ಕೆ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವೇದಿಕೆಯಲ್ಲಿ ಹೆಡರ್ (ಕಳಿಸುವವರ ಹೆಸರು) ಮತ್ತು ಟೆಂಪ್ಲೇಟ್ (ಸಂದೇಶದ ಮಾದರಿ) ನೋಂದಣಿ ಆಗಿರಬೇಕು. 2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಲಿಂಕ್ ಕೂಡ ಅನುಮತಿ ಪಟ್ಟಿಯಲ್ಲಿರಬೇಕು. ಟೆಂಪ್ಲೇಟಿನ ಒಂದು ಪದ ಬದಲಾದರೂ ಸಂದೇಶ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಅಮೆರಿಕದಿಂದ ರಜೆಗೆ ಬಂದ ಮಗಳ ಫೋನ್ ಅಲ್ಲಿನ ನಂಬರಿನದಾದರೆ ದೇಶೀ ಎಸ್‌ಎಂಎಸ್ ದಾರಿ ಉಪಯೋಗಕ್ಕೆ ಬರದು, ವಾಟ್ಸ್‌ಆ್ಯಪ್ ಅಥವಾ ಇಮೇಲ್ ಆಯ್ಕೆ ಇಟ್ಟಿರಲೇಬೇಕು.

ಲಿಂಕ್ ಒಂದೇ ಸಲ ತೆರೆಯಬಹುದು ಎಂದು ಮಾಡಿದರೆ ಮತ್ತೊಂದು ತಮಾಷೆ ನಡೆಯುತ್ತದೆ. ಲಿಂಕ್ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ವಿಸಿಟರ್ ಕಂಪನಿಯ ಇಮೇಲ್ ಭದ್ರತೆ ಸಾಫ್ಟ್‌ವೇರ್ ಅದನ್ನು ತಾನೇ ಮೊದಲು ತೆರೆದು ‘ಬಳಸಿ’ ಬಿಡುತ್ತದೆ, ನಿಜವಾದ ವಿಸಿಟರ್ ಕಾಣುವುದು ಅವಧಿ ಮೀರಿದ ಪುಟವನ್ನು. ಪುಟ ತೆರೆದಾಗಲ್ಲ, ಅದರಲ್ಲಿರುವ ‘ಕೀ ಪಡೆಯಿರಿ’ ಗುಂಡಿ ಒತ್ತಿದಾಗ ಮಾತ್ರ ಕೀ ಆ ಫೋನಿಗೆ ಅಂಟಬೇಕು. ಅಂಟಿದ ಮೇಲೆ ಅದೇ ಲಿಂಕ್ ಬೇರೆ ಫೋನಿನಲ್ಲಿ ನಡೆಯಬಾರದು.

ಬಾಗಿಲ ಬಳಿಯ ಎಡವಟ್ಟುಗಳು

ಆ್ಯಪ್ ಎಷ್ಟೇ ಭದ್ರವಾಗಿರಲಿ, ಕೊನೆಗೆ ಬಾಗಿಲು ಹಿಡಿದಿರುವುದು ಒಂದು ಮ್ಯಾಗ್ನೆಟ್ ಮತ್ತು ನಾಲ್ಕು ತಂತಿ. ಮಾತುಕತೆಯಲ್ಲಿ ಈ ಭಾಗಕ್ಕೆ ಸಿಗುವ ಸಮಯ ಅತಿ ಕಡಿಮೆ, ದೂರುಗಳು ಬರುವುದು ಮಾತ್ರ ಹೆಚ್ಚಾಗಿ ಇಲ್ಲಿಂದಲೇ.

ಮೊದಲ ಎಡವಟ್ಟು ರಿಲೇಯದು, ಅಂದರೆ ಬೀಗದ ವಿದ್ಯುತ್ತನ್ನು ಹಾಕಿ ತೆಗೆಯುವ ಸ್ವಿಚ್ಚಿನದು. ಕಡಿಮೆ ಬೆಲೆಯ ಸಾಧನಗಳಲ್ಲಿ ರೀಡರ್, ಕಂಟ್ರೋಲರ್, ಬಾಗಿಲು ಬಿಡುವ ರಿಲೇ ಎಲ್ಲ ಒಂದೇ ಡಬ್ಬಿಯಲ್ಲಿದ್ದು, ಆ ಡಬ್ಬಿ ಬಾಗಿಲ ಹೊರಗಿನ ಗೋಡೆಯಲ್ಲಿರುತ್ತದೆ. ಕೆಳಗಿನ ಒಂದು ಸ್ಕ್ರೂ ಬಿಚ್ಚಿ, ಹಿಂದಿನ ತಂತಿ ಮುಟ್ಟಿದವರಿಗೆ ಯಾವ ಕೀಯೂ ಬೇಡ. ರಿಲೇ ಅಥವಾ ಕಂಟ್ರೋಲರ್ ಬಾಗಿಲ ಒಳಗಡೆ, ಸೀಲಿಂಗ್ ಮೇಲೋ ಬೀಗ ಹಾಕಿದ ಪೆಟ್ಟಿಗೆಯಲ್ಲೋ ಇರಬೇಕು. ಹೀಗೆ ಬೇರ್ಪಡಿಸಿದಾಗ ರೀಡರ್‌ನಿಂದ ಕಂಟ್ರೋಲರ್‌ಗೆ ಹೋಗುವ ತಂತಿಯಲ್ಲಿ ಏನು ಹರಿಯುತ್ತದೆ ಎಂಬುದು ಮುಂದಿನ ಪ್ರಶ್ನೆ. ಹಳೆಯ ವೀಗಾಂಡ್ ಪದ್ಧತಿಯಲ್ಲಿ ಗುರುತು ಸಂಖ್ಯೆ ಬಿಚ್ಚುಬಿಚ್ಚಾಗಿ ಹೋಗುತ್ತದೆ. ಫೋನಿನಿಂದ ರೀಡರ್‌ವರೆಗೆ ಮಾಡಿದ ಎನ್‌ಕ್ರಿಪ್ಷನ್ ಎಲ್ಲ ಅಲ್ಲಿಗೆ ವ್ಯರ್ಥ. ಹೊಸ ಓಎಸ್‌ಡಿಪಿ ಪದ್ಧತಿ ಆದರೆ ಎಇಎಸ್-128 ಎನ್‌ಕ್ರಿಪ್ಷನ್ ಇದೆ, ತಂತಿಯೂ 1,200 ಮೀಟರ್‌ವರೆಗೆ ಎಳೆಯಬಹುದು. ಆದರೆ ಆ ಸುರಕ್ಷಿತ ಚಾನೆಲ್ ಆನ್ ಮಾಡಿ, ಎಲ್ಲ ಸಾಧನಗಳಿಗೂ ಒಂದೇ ಆಗಿರುವ ಡೀಫಾಲ್ಟ್ ಕೀಯನ್ನು ಬದಲಿಸಿದ್ದಾರೆಯೇ ಎಂದು ನೋಡಬೇಕು.

ಎರಡನೆಯದು ಇಎಂ ಲಾಕ್, ಅಂದರೆ ವಿದ್ಯುತ್ತಿನಿಂದ ಬಾಗಿಲು ಹಿಡಿದಿಡುವ ಮ್ಯಾಗ್ನೆಟ್ ಬೀಗ. ಅಂಗಡಿಯಲ್ಲಿ 600 ಪೌಂಡಿನದು ಎಂದು ಸಿಗುವ ಮ್ಯಾಗ್ನೆಟ್ ಸುಮಾರು 270 ಕಿಲೋ ಹಿಡಿತದ್ದು, 12 ವೋಲ್ಟಿನಲ್ಲಿ ಅಂದಾಜು ಅರ್ಧ ಆಂಪಿಯರ್ ಎಳೆಯುತ್ತದೆ. ಬಾಗಿಲಿಗೆ ಕೂರಿಸುವ ಕಬ್ಬಿಣದ ಪಟ್ಟಿಯನ್ನು ಬಡಗಿ ಗಟ್ಟಿಯಾಗಿ ಬಿಗಿದುಬಿಟ್ಟರೆ ಅದು ಮ್ಯಾಗ್ನೆಟ್ಟಿಗೆ ಸಮನಾಗಿ ಕೂರುವುದಿಲ್ಲ. ಒಂದು ಕಾಗದದಷ್ಟು ಸಂದು ಉಳಿದರೂ ಹಿಡಿತ ಕುಸಿದು, ಭುಜ ಕೊಟ್ಟರೆ ಬಾಗಿಲು ತೆರೆಯುತ್ತದೆ. ನಡುವಿನ ರಬ್ಬರ್ ವಾಷರ್ ಹಾಕಿ ಪಟ್ಟಿ ಸ್ವಲ್ಪ ಅಲುಗಾಡುವಂತೆ ಬಿಡುವುದೇ ಸರಿ. ತಂತಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. 30 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್ ತಂತಿ ಎಳೆದರೆ ಹೋಗಿಬರುವ ದಾರಿಯಲ್ಲೇ ಒಂದು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, 1.5 ತಂತಿಯಾದರೆ ಅರ್ಧ ವೋಲ್ಟಿಗೂ ಕಡಿಮೆ. ಬಾಗಿಲು ತೆರೆದ ಪ್ರತಿ ಸಲವೂ ರೀಡರ್ ರೀಸ್ಟಾರ್ಟ್ ಆಗುತ್ತಿದ್ದರೆ ಮ್ಯಾಗ್ನೆಟ್ಟಿಗೆ ಅಡ್ಡಲಾಗಿ ಡಯೋಡ್ ಹಾಕಿಲ್ಲ ಎಂದು ಅನುಮಾನಿಸಬಹುದು. ಸುರುಳಿಯಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜ್ ರಿಲೇಯ ಕಾಂಟ್ಯಾಕ್ಟ್‌ಗಳನ್ನೂ ಕ್ರಮೇಣ ಸುಡುತ್ತದೆ.

ಇಎಂ ಲಾಕ್ ಕರೆಂಟ್ ಹೋದರೆ ತೆರೆದುಕೊಳ್ಳುತ್ತದೆ. ಬ್ಯಾಕಪ್‌ಗಿಟ್ಟ 7 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ 14 ಗಂಟೆ ತಳ್ಳಬೇಕು; ಕಂಟ್ರೋಲರ್, ರೀಡರ್ ಪಾಲು ಕಳೆದು, ಬ್ಯಾಟರಿ ಹಳತಾಗುವುದನ್ನೂ ನೋಡಿದರೆ ಏಳೆಂಟು ಗಂಟೆ ಎಂದುಕೊಳ್ಳುವುದು ಕ್ಷೇಮ. ಹಾಗಂತ ತೆರೆದುಕೊಳ್ಳುವುದನ್ನೇ ದೋಷ ಎಂದು ಭಾವಿಸಿ, ಕರೆಂಟ್ ಹೋದರೂ ಒಳಗಿನಿಂದ ತೆರೆಯದ ಬೀಗ ಹಾಕಿಸುವುದು ಜೀವಕ್ಕೆ ಅಪಾಯ. ಹೊರಹೋಗುವ ದಾರಿಯ ಬಾಗಿಲು ಒಳಗಡೆಯಿಂದ ಕೀ ಇಲ್ಲದೆ ತೆರೆಯಬೇಕು ಎನ್ನುತ್ತದೆ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಫೈರ್ ಪ್ಯಾನೆಲ್‌ನ ರಿಲೇ ಮ್ಯಾಗ್ನೆಟ್ಟಿನ ವಿದ್ಯುತ್ತನ್ನೇ ನೇರವಾಗಿ ಕತ್ತರಿಸಬೇಕು, ಸಾಫ್ಟ್‌ವೇರಿಗೆ ಸುದ್ದಿ ಕೊಟ್ಟು ಅದು ಬಾಗಿಲು ಬಿಡುವುದನ್ನು ಕಾಯಬಾರದು. ಎಕ್ಸಿಟ್ ಸ್ವಿಚ್ ಪಕ್ಕದಲ್ಲೇ ಒತ್ತಿದರೆ ಮ್ಯಾಗ್ನೆಟ್ಟಿನ ವಿದ್ಯುತ್ ಕಡಿಯುವ ಹಸಿರು ಬಣ್ಣದ ತುರ್ತು ಪೆಟ್ಟಿಗೆಯೂ ಇರಲಿ. ಒಳಗೆ ಬಂದ ವಿಸಿಟರ್ ಹೊರಹೋಗಲು ಫೋನ್ ತಡಕಾಡುವಂತಾಗಬಾರದು.

ಬ್ಯಾಟರಿಯಲ್ಲಿ ನಡೆಯುವ ಬಾಗಿಲ ಬೀಗಗಳಿಗೆ, ಅಂದರೆ ಹೋಂಸ್ಟೇ, ಸರ್ವಿಸ್ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕುವಂಥವಕ್ಕೆ, ಆಲ್ಕಲೈನ್ ಸೆಲ್ಲನ್ನೇ ಹಾಕಬೇಕು. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದಾದ್ದರಿಂದ ಬೀಗ ಬ್ಯಾಟರಿಯ ಮಟ್ಟವನ್ನು ತಪ್ಪಾಗಿ ಲೆಕ್ಕ ಹಾಕಿ, ಎಚ್ಚರಿಕೆಯನ್ನೇ ಕೊಡದೆ ನಿಲ್ಲಬಹುದು.

ಯಾರಿಗೆ ಯಾವ ಕೀ

ಎಲ್ಲ ವಿಸಿಟರ್‌ಗಳನ್ನೂ ಒಂದೇ ನಿಯಮಕ್ಕೆ ಕಟ್ಟಿದರೆ ಗೇಟಿನಲ್ಲಿ ಜಗಳವೇ. ಊಟ ತರುವ ಡೆಲಿವರಿಯವರು ಬರುವುದು ಐದು ನಿಮಿಷಕ್ಕೆ, ಅವರ ಹೆಸರೂ ಮೊದಲೇ ಗೊತ್ತಿರುವುದಿಲ್ಲ. ಅವರಿಗೆ ಕೀಗಿಂತ ಮನೆಯವರ ಫೋನಿಗೆ ಬರುವ ಅನುಮತಿಯ ಕರೆಯೇ ಸರಿ. ಮದುವೆ ಮಾತುಕತೆಗೆಂದು ಹದಿನೈದು ಜನ ಬಂದರೆ ಹದಿನೈದು ಕೀ ಕೊಡುವ ಬದಲು ಎಣಿಕೆ ಇರುವ ಒಂದೇ ಕೋಡ್ ಸಾಕು. ರಿಪೇರಿಯವರಿಗೆ ಮುಖ್ಯ ಗೇಟ್, ಲಿಫ್ಟ್‌ನಲ್ಲಿ ಆ ಒಂದು ಮಹಡಿ, ಅಷ್ಟೇ. ಮನೆಗೆಲಸದವರ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಹಲವರ ಬಳಿ ಸ್ಮಾರ್ಟ್‌ಫೋನ್ ಇರುವುದಿಲ್ಲ, ಇದ್ದರೂ ಅದು ಮನೆಮಂದಿಯೆಲ್ಲ ಹಂಚಿಕೊಂಡ ಫೋನ್. ಅವರಿಗೆ ಕಾರ್ಡ್ ಕೊಡಿ. ಫೋನ್ ಇಲ್ಲ ಎಂಬ ಕಾರಣಕ್ಕೆ ದಿನವೂ ಗೇಟಿನಲ್ಲಿ ನಿಲ್ಲಿಸುವುದು ವ್ಯವಸ್ಥೆಯ ಸೋಲೇ ಹೊರತು ಅವರ ತಪ್ಪಲ್ಲ. ಒಬ್ಬರು ನಾಲ್ಕು ಮನೆಯಲ್ಲಿ ಕೆಲಸ ಮಾಡುತ್ತಿದ್ದು ಒಂದು ಮನೆಯವರು ಬಿಡಿಸಿದರೆ, ಉಳಿದ ಮೂರರ ಅನುಮತಿ ಉಳಿಯಬೇಕು. ಅನೇಕ ಆ್ಯಪ್‌ಗಳು ಇಲ್ಲಿ ಎಡವುತ್ತವೆ.

ಒಳಬಂದವರು ಹೊರಹೋದ ದಾಖಲೆ ಇಲ್ಲದಿದ್ದರೆ ಮತ್ತೆ ಬಿಡದ ಆ್ಯಂಟಿ-ಪಾಸ್‌ಬ್ಯಾಕ್ ನಿಯಮವನ್ನು ವಿಸಿಟರ್‌ಗಳಿಗೆ ಕಟ್ಟುನಿಟ್ಟಾಗಿ ಹಾಕಬೇಡಿ. ಕೀ ತೋರಿಸಿ ಒಳಬಂದ ಅತ್ತೆ ಮಾವ ಅಳಿಯನ ಕಾರಿನಲ್ಲಿ ಹೊರಹೋಗಿರುತ್ತಾರೆ, ವ್ಯವಸ್ಥೆಯ ಪ್ರಕಾರ ಅವರಿನ್ನೂ ಒಳಗೇ ಇದ್ದಾರೆ. ದಾಖಲಿಸಿ ಬಿಡುವಂತೆ ಇಟ್ಟರೆ ಸಾಕು. ಬಾಗಿಲು ತೆರೆದಿರುವ ಸಮಯ ಐದು ಸೆಕೆಂಡ್ ಸಾಮಾನ್ಯರಿಗೆ ಸರಿ. ಗಾಲಿಕುರ್ಚಿಯವರ ಕೀಗೆ 15 ಸೆಕೆಂಡ್ ಇರಲಿ. ಮುಂದಿನವರ ಬೆನ್ನಿಗಂಟಿ ನುಗ್ಗುವವರನ್ನು ಯಾವ ಫೋನ್ ಕೀಯೂ ತಡೆಯದು. ಅದಕ್ಕೆ ಡೋರ್ ಕ್ಲೋಸರ್ ಬಿಗಿ ಇರಬೇಕು, ಸೆಕ್ಯುರಿಟಿಯವರ ಕಣ್ಣೂ ಬೇಕು.

ದಾಖಲೆ ಮತ್ತು ಅಧಿಕಾರ

ರಿಜಿಸ್ಟರ್ ಪುಸ್ತಕ ಹೋಗಿ ಸರ್ವರ್ ಬಂದಾಗ ಯಾರು ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದರು ಎಂಬುದೆಲ್ಲ ಹುಡುಕಿ ತೆಗೆಯಬಹುದಾದ ಮಾಹಿತಿಯಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇಲ್ಲಿ ಅನ್ವಯಿಸುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುತ್ತವೆ. ಭದ್ರತೆಯಲ್ಲಿ ಲೋಪವಾಗಿ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ, ಆ ಪಟ್ಟಿಯಲ್ಲಿ ಕನ್ನಡವೂ ಇದೆ. ವಿಸಿಟರ್ ಪುಟದಲ್ಲಿ ಕನ್ನಡ ಇದೆಯೇ ಎಂದು ಕೇಳುವ ಹಕ್ಕು ಹೀಗೆ ಕಾನೂನಿನಿಂದಲೇ ಸಿಗುತ್ತದೆ. ಒಂದು ಗಂಟೆಯ ಭೇಟಿಗೆ ಹೆಸರು, ಫೋನ್ ನಂಬರ್, ಯಾವ ಮನೆ ಎಂಬುದು ಸಾಕು. ಆಧಾರ್ ಫೋಟೋ ತೆಗೆದಿಟ್ಟುಕೊಳ್ಳುವುದು ಅನಗತ್ಯ ಹೊರೆ.

ಇನ್ನು ಅಡ್ಮಿನ್ ಅಧಿಕಾರ. ಸಂಘದ ಪದಾಧಿಕಾರಿಗಳು ಬದಲಾಗುತ್ತಾರೆ, ಹಳೆಯ ಕಾರ್ಯದರ್ಶಿಯ ಫೋನಿನಲ್ಲಿ ಎಲ್ಲ ಬಾಗಿಲು ತೆರೆಯುವ ಲಾಗಿನ್ ಹಾಗೇ ಉಳಿದಿರುತ್ತದೆ. ಒಬ್ಬರ ಹೆಸರಿನ ಖಾತೆ ಬೇಡ, ಹುದ್ದೆಯ ಹೆಸರಿನಲ್ಲಿ ಎರಡು ಖಾತೆ ಇರಲಿ. ಅಧಿಕಾರ ಹಸ್ತಾಂತರದ ದಿನವೇ ಪಾಸ್‌ವರ್ಡ್ ಮತ್ತು ಓಟಿಪಿ ಹೋಗುವ ನಂಬರ್ ಬದಲಾಗಲಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಎರಡು ಸಾಲು ಸೇರಿಸಿಕೊಳ್ಳಿ: ರೀಡರ್‌ನೊಳಗಿನ ಮೂಲ ಕೀಗಳು ಕಟ್ಟಡದ ಸ್ವತ್ತು, ಕಂಪನಿಯದಲ್ಲ, ಒಪ್ಪಂದ ಮುಗಿದಾಗ ಅವನ್ನೂ ದಾಖಲೆಯನ್ನೂ ಹಸ್ತಾಂತರಿಸಬೇಕು. ಆ್ಯಪಲ್, ಗೂಗಲ್, ಸ್ಯಾಮ್‌ಸಂಗ್ ಸೇರಿ ಬೆಂಬಲಿಸುತ್ತಿರುವ ಅಲಿರೊ ಎಂಬ ಸಾಮಾನ್ಯ ಮಾನದಂಡಕ್ಕೆ ಈ ರೀಡರ್‌ಗಳು ಬದಲಾಗಬಲ್ಲವೇ ಎಂದೂ ಬರವಣಿಗೆಯಲ್ಲಿ ಕೇಳಿ.

ಕೆಲಸ ಒಪ್ಪಿಕೊಳ್ಳುವ ದಿನ ಪರೀಕ್ಷೆ ಹೀಗಿರಲಿ. ಒಂದು ವಿಸಿಟರ್ ಕೀ ಕೊಟ್ಟು, ರೂಟರ್ ಆಫ್ ಮಾಡಿ, ಬಾಗಿಲು ತೆರೆಯುತ್ತದೆಯೇ ನೋಡಿ. ರೂಟರ್ ಆನ್ ಮಾಡಿ ಆ ಕೀ ರದ್ದು ಮಾಡಿ, ಎಷ್ಟು ನಿಮಿಷಕ್ಕೆ ಬಾಗಿಲು ಅದನ್ನು ಒಪ್ಪುವುದಿಲ್ಲ ಎಂದು ಗಡಿಯಾರ ಹಿಡಿದು ಬರೆದುಕೊಳ್ಳಿ. ಮುಖ್ಯ ಸ್ವಿಚ್ ಇಳಿಸಿ, ಹತ್ತು ನಿಮಿಷ ಬಿಟ್ಟು ಏರಿಸಿ, ಕಂಟ್ರೋಲರ್‌ನ ಗಡಿಯಾರ ಸರಿಯಿದೆಯೇ ನೋಡಿ. ಕೊನೆಗೆ ಫೈರ್ ಅಲಾರಂ ಒತ್ತಿ ಪ್ರತಿ ಬಾಗಿಲನ್ನೂ ಕೈಯಿಂದ ತಳ್ಳಿ ನೋಡಿ. ಬಾಕಿ ಹಣ ಕೊಡುವುದು ಅದಾದ ಮೇಲೆ.